ಬಂದ್ ಮಾಡವ್ವಾ, ಈಗ ಮಾತಾಡೂನು

ವಾರ್ತೆ ಮುಗಿದ ಕೂಡಲೇ ಅಪ್ಪ ಹೇಳುತ್ತಿದ್ದ ಮಾತು ಒಂದೇ: ‘ಬಂದ್ ಮಾಡವ್ವಾ, ಈಗ ಮಾತಾಡೂನು.’ ನಾನು ಎದ್ದು ಹೋಗಿ ಟಿವಿಯ ಗುಂಡಿ ತಿರುವುತ್ತಿದ್ದೆ. ಕಪ್ಪು-ಬಿಳುಪು ಪರದೆಯ ನಟ್ಟನಡುವೆ ಒಂದು ಬಿಳಿ ಚುಕ್ಕೆ ಉಳಿದು, ಸಣ್ಣಗಾಗುತ್ತ ಹೋಗಿ ಆರುತ್ತಿತ್ತು. ಅದು ಆರಿದ ಮೇಲೆ ನಮ್ಮ ಮನೆಯಲ್ಲಿ ಊಟಕ್ಕೆ ತಾಟು ಹಾಕುತ್ತಿದ್ದರು. ರೊಟ್ಟಿ ಮುರಿಯುತ್ತ ಅಪ್ಪ ಒಬ್ಬೊಬ್ಬರನ್ನೇ ಕೇಳುತ್ತಿದ್ದ, ‘ಏನು ನೋಡಿದಿ? ಖರೇ ಅನಸ್ತೇನು?’ ತಪ್ಪು ಉತ್ತರ ಹೇಳಿದರೆ ಬೈಯುತ್ತಿರಲಿಲ್ಲ. ಇಷ್ಟೊತ್ತು ನೋಡಿಯೂ ಏನೂ ಅನ್ನಿಸಲಿಲ್ಲ ಎಂದರೆ ಮಾತ್ರ ಅವನ ಮುಖ ಸಣ್ಣದಾಗುತ್ತಿತ್ತು.

ಈಗ ನಾನಿರುವುದು ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ. ಸಂಜೆ ದೇವರಿಗೆ ದೀಪ ಹಚ್ಚಿ ಬಂದ ಅತ್ತೆ ಹಾಲ್‌ನ ಟಿವಿ ಹಾಕಿದರೆ ಧಾರಾವಾಹಿಗಳು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತ ರಾತ್ರಿ ಹತ್ತಾಗುತ್ತದೆ. ನನ್ನ ಯಜಮಾನರು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸುದ್ದಿ ವಾಹಿನಿಯ ಚರ್ಚೆ ನೋಡುತ್ತಾರೆ. ಮಗ ಕೋಣೆಯೊಳಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲ್‌ನಲ್ಲಿ ಅರ್ಧರ್ಧ ನಿಮಿಷದ ವಿಡಿಯೊಗಳನ್ನು ಮೇಲಕ್ಕೆ ತಳ್ಳುತ್ತಿರುತ್ತಾನೆ. ಅದೇ ಊರು, ಅದೇ ದಿನ, ಅದೇ ಮಳೆ. ಆದರೂ ಒಬ್ಬರು ಕಂಡಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಅನ್ನಕ್ಕೆ ಸಾರು ಬಡಿಸುವಾಗ ಅಪ್ಪನ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬರುತ್ತದೆ. ಯಾರನ್ನು ಕೇಳಲಿ, ಯಾವುದರ ಬಗ್ಗೆ ಕೇಳಲಿ?

ಇದನ್ನೆಲ್ಲ ಈಗ ಬರೆಯಲು ಒಂದು ಕಾರಣವಿದೆ. ಕನ್ನಡದ ಹಳ್ಳಿಗಳು ಟಿವಿಯನ್ನು ಮೊದಲು ಕಂಡು 2025ರ ಆಗಸ್ಟ್ 1ಕ್ಕೆ ಐವತ್ತು ವರ್ಷ ತುಂಬಿತು. ಬೆಂಗಳೂರಿನಲ್ಲಿ ಆ ದಿನ ಯಾರೂ ಅದರ ಬಗ್ಗೆ ಮಾತಾಡಿದ್ದು ನನ್ನ ಕಿವಿಗೆ ಬೀಳಲಿಲ್ಲ. ಅದು ಸಹಜವೂ ಹೌದು. ಆ ಮೊದಲ ಪರದೆ ಬೆಂಗಳೂರಿನಲ್ಲಿ ಬೆಳಗಿರಲಿಲ್ಲ.

ಸಾಲಿ ಅಂಗಳದ ಪೆಟ್ಟಿಗೆ

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಆಯ್ದ ಹಳ್ಳಿಗಳ ಸಾಲಿ ಅಂಗಳದಲ್ಲಿ ಜನ ಟಿವಿ ನೋಡಿದ್ದರು. ಇಸ್ರೊ ನಡೆಸಿದ ಆ ಪ್ರಯೋಗದ ಹೆಸರು ‘ಸೈಟ್’, ಅಂದರೆ ಉಪಗ್ರಹದ ಮೂಲಕ ಬೋಧನೆಯ ಟಿವಿ ಪ್ರಯೋಗ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಭಾರತಕ್ಕೆ ಎರವಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾದವು. ಕಾರ್ಯಕ್ರಮ ತಯಾರಿಸಿದ್ದು ಭಾರತ, ಟಿವಿ ಪೆಟ್ಟಿಗೆ ಕೊಟ್ಟಿದ್ದು ಭಾರತ. ಈ ಕನಸನ್ನು ಮೊದಲು ಕಂಡ ವಿಕ್ರಮ್ ಸಾರಾಭಾಯಿ ಅದು ನನಸಾಗುವ ಹೊತ್ತಿಗೆ ತೀರಿಹೋಗಿ ಮೂರೂವರೆ ವರ್ಷಗಳಾಗಿದ್ದವು.

ನಮ್ಮೂರು ಭೀಮಾ ನದಿಯ ದಂಡೆಯ ಹತ್ತಿರ, ಕಲಬುರಗಿ ಜಿಲ್ಲೆಯಲ್ಲಿ. ಆಗ ನನಗೆ ಮೂರು ವರ್ಷ. ನನಗೆ ನೆನಪಿರುವುದೆಂದರೆ ಅವ್ವನ ಸೆರಗಿನ ವಾಸನೆ ಮತ್ತು ಕತ್ತಲಲ್ಲಿ ಒಂದು ನೀಲಿ ಬೆಳಕು, ಅಷ್ಟೇ. ಉಳಿದದ್ದನ್ನೆಲ್ಲ ಅಪ್ಪ ಎಷ್ಟು ಸಲ ಹೇಳಿದ್ದಾನೆಂದರೆ ಅದು ನಾನೇ ಕಂಡಂತೆ ಕಣ್ಣಿಗೆ ಕಟ್ಟಿದೆ. ಸಾಲಿಯ ಪಕ್ಕ ಹತ್ತು ಅಡಿ ಅಗಲದ ದೊಡ್ಡ ಬುಟ್ಟಿಯಂಥ ಒಂದು ಆ್ಯಂಟೆನಾ ನಿಲ್ಲಿಸಿದ್ದರು. ಕೋಳಿ ಗೂಡಿಗೆ ಹಾಕುವಂಥ ತಂತಿಬಲೆಯನ್ನೇ ಅದಕ್ಕೆ ಹೊದಿಸಿದ್ದರು. ಆಕಾಶದಲ್ಲಿ ಎಲ್ಲೋ ಇರುವ ಉಪಗ್ರಹದ ಮಾತನ್ನು ಕೋಳಿ ಬಲೆ ಹಿಡಿಯುತ್ತದೆಂದರೆ ನಂಬುವವರು ಯಾರು? ಊರ ಗೌಡರೇ ಎರಡು ಸಲ ಅದರ ಸುತ್ತ ತಿರುಗಿ ಮುಟ್ಟಿ ನೋಡಿ ಹೋಗಿದ್ದರಂತೆ. ವಿದ್ಯುತ್ತಿಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿಯ ಮೇಲೆ ಟಿವಿ ನಡೆಸುತ್ತಿದ್ದರು.

ದಿನಕ್ಕೆ ನಾಲ್ಕು ತಾಸು ಪ್ರಸಾರ. ಬೆಳಿಗ್ಗೆ ಸಾಲಿಯ ಮಕ್ಕಳಿಗೆ ಪ್ರತಿ ಭಾಷೆಗೂ ಇಪ್ಪತ್ತೆರಡೂವರೆ ನಿಮಿಷ, ಸಂಜೆ ದೊಡ್ಡವರಿಗೆ. ನಾಲ್ಕು ಭಾಷೆಗಳು ಆ ಹೊತ್ತನ್ನು ಹಂಚಿಕೊಂಡಿದ್ದವು, ಅದರಲ್ಲಿ ಕನ್ನಡವೂ ಒಂದು. ಒಕ್ಕಲುತನ, ದನಕರುಗಳ ಆರೈಕೆ, ಬಾಣಂತಿ-ಕೂಸಿನ ಆರೋಗ್ಯ, ಕುಟುಂಬ ಯೋಜನೆ, ನಡುವೆ ಹಾಡು, ಕುಣಿತ. ಇದರ ಜೊತೆಗೆ ಎಲ್ಲ ಊರುಗಳಿಗೂ ಒಂದೇ ಆದ ಹಿಂದಿ ಕಾರ್ಯಕ್ರಮ.

ಪ್ರಸಾರ ಮುಗಿದ ಮೇಲೆ ಮಾಸ್ತರರು ಪೆಟ್ಟಿಗೆಯ ಬಾಗಿಲು ಹಾಕಿ ಬೀಗ ಹಾಕುತ್ತಿದ್ದರು. ಜನ ಏಳುತ್ತಿರಲಿಲ್ಲ. ಕಥೆಯ ಈ ಭಾಗಕ್ಕೆ ಬಂದಾಗಲೆಲ್ಲ ಅಪ್ಪ ಕಣ್ಣರಳಿಸಿ ಹೇಳುತ್ತಿದ್ದ. ಬೇವಿನ ಗಿಡದ ಬುಡದಲ್ಲಿ ಕಂದೀಲು ಇಟ್ಟುಕೊಂಡು ಕೂತವರ ಮಾತು ಸರಿರಾತ್ರಿಯವರೆಗೂ ನಡೆಯುತ್ತಿತ್ತಂತೆ. ಅವರು ತೋರಿಸಿದ ಬೀಜ ನಮ್ಮ ಎರೆಗೆ ಹತ್ತುತ್ತದೋ ಇಲ್ಲವೋ? ಅಲ್ಲಿನ ಹೊಲದ ಮಣ್ಣು ಕೆಂಪಗಿತ್ತೇ, ಕಪ್ಪಗಿತ್ತೇ? ಪೆಟ್ಟಿಗೆಯಲ್ಲಿ ಎಲ್ಲವೂ ಬೂದಿ ಬಣ್ಣ, ಹೇಗೆ ಹೇಳುವುದು? ಹೆಂಗಸರು ಮರುದಿನ ಬಾವಿಯ ಹತ್ತಿರ ಮುಂದುವರಿಸುತ್ತಿದ್ದರು. ಬಾಣಂತಿಗೆ ಮೊದಲ ದಿನವೇ ಕೂಸಿಗೆ ಹಾಲು ಕುಡಿಸು ಅಂತಾರಲ್ಲ, ನಮ್ಮ ಅತ್ತೆ ಒಪ್ಪಬೇಕಲ್ಲ, ಎಂದು. ಆ ವರ್ಷ ಕೆಲವು ಊರುಗಳಲ್ಲಿ ಸಮಾಜಶಾಸ್ತ್ರ ಓದಿದ ಹುಡುಗರು ತಿಂಗಳುಗಟ್ಟಲೆ ಉಳಿದುಕೊಂಡು, ಜನ ಏನು ಮಾತಾಡುತ್ತಾರೆಂದು ಬರೆದುಕೊಳ್ಳುತ್ತಿದ್ದರು. ಟಿವಿ ಏನು ಹೇಳಿತು ಎನ್ನುವಷ್ಟೇ ಮುಖ್ಯ ಜನ ಏನು ಹೇಳಿದರು ಎನ್ನುವುದೂ ಎಂದು ಇಸ್ರೊದ ವಿಜ್ಞಾನಿಗಳಿಗೆ ಅನ್ನಿಸಿತ್ತು. ಈಗ ನೆನೆದರೆ ಅದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಆ ವರ್ಷವನ್ನು ಬರೀ ಬಂಗಾರದ ಕಾಲವೆಂದು ಬರೆದರೆ ಸುಳ್ಳಾಗುತ್ತದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗಿನ ಅಷ್ಟೂ ದಿನ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ವಾರ್ತೆ ಎಂದರೆ ಸರ್ಕಾರ ಹೇಳಿದ್ದು. ಅಪ್ಪನಿಗೆ ಅದು ಗೊತ್ತಿತ್ತು. ಬೇವಿನ ಬುಡದಲ್ಲಿ ಮಾತಾಡುವಾಗ ಕೆಲವು ಮಾತು ಬಂದರೆ ಹಿರಿಯರು ಕೆಮ್ಮುತ್ತಿದ್ದರಂತೆ, ಎಲ್ಲರೂ ಬೇರೆ ವಿಷಯಕ್ಕೆ ಹೋಗುತ್ತಿದ್ದರಂತೆ. ‘ಖರೇ ಅನಸ್ತೇನು?’ ಎಂದು ಅಪ್ಪ ನಮ್ಮನ್ನು ಕೇಳುತ್ತಿದ್ದುದರ ಬೇರು ಆ ಕೆಮ್ಮಿನಲ್ಲೇ ಇತ್ತೆಂದು ನನಗೀಗ ಅನ್ನಿಸುತ್ತದೆ.

ಜುಲೈ 31ಕ್ಕೆ ಎಲ್ಲ ಮುಗಿಯಿತು. ಉಪಗ್ರಹವನ್ನು ಅಮೆರಿಕ ಮರಳಿ ತನ್ನ ಕಡೆಗೆ ಸರಿಸಿಕೊಂಡಿತು. ಕೋಳಿ ಬಲೆಯ ಬುಟ್ಟಿ ಬರಿದಾಗಿ ಆಕಾಶ ನೋಡುತ್ತ ನಿಂತಿತು. ಮರುವರ್ಷ, 1977ರಲ್ಲಿ, ಕಲಬುರಗಿಯಲ್ಲಿ ದೂರದರ್ಶನದ ಕೇಂದ್ರ ಬಂತು. ರಾಜ್ಯದ ಮೊದಲ ಟಿವಿ ಕೇಂದ್ರ ಅದು.

ತೋರಿಸದ್ದರ ಮಾತು

1984ರ ನವೆಂಬರ್ 3. ನಾವಾಗ ಕಲಬುರಗಿಗೆ ಬಂದಿದ್ದೆವು. ಓಣಿಯಲ್ಲಿ ಟಿವಿ ಇದ್ದದ್ದು ಬಟ್ಟೆ ವ್ಯಾಪಾರಿಯೊಬ್ಬರ ಮನೆಯಲ್ಲಿ. ಇಂದಿರಾ ಗಾಂಧಿಯವರ ಅಂತ್ಯಸಂಸ್ಕಾರ. ಆ ಮನೆಯ ಪಡಸಾಲೆ ತುಂಬಿ, ಕಿಟಕಿಯ ಸರಳುಗಳಿಗೂ ಜನ ಜೋತುಬಿದ್ದಿದ್ದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಅವ್ವನೂ ಅತ್ತಳು. ಸ್ವಂತ ಮನೆಯ ಸಾವಿಗೆ ಅಳುವ ಹಾಗೆಯೇ ಅತ್ತಳು.

ಸಂಜೆ ಮನೆಗೆ ಬಂದ ಮೇಲೆ ಅಪ್ಪ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ. ‘ಬೀದರಿನ ಸರ್ದಾರ್ಜಿಗಳು ಹೆಂಗ ಅದಾರೋ ಏನೋ.’ ಬೀದರ್ ನಮಗೆ ನೂರು ಕಿಲೊಮೀಟರ್ ದೂರ. ಅಲ್ಲಿನ ನಾನಕ್ ಝೀರಾ ಗುರುದ್ವಾರಕ್ಕೆ ಅಪ್ಪ ಒಮ್ಮೆ ಹೋಗಿ, ಅಲ್ಲಿನ ಸಿಹಿನೀರು ಕುಡಿದು, ಲಂಗರ್‌ನಲ್ಲಿ ಉಂಡು ಬಂದಿದ್ದ. ಇಂದಿರಾ ಸಾವಿನ ಸೇಡಿಗೆಂದು ದಿಲ್ಲಿಯಲ್ಲಿ ಆ ಮೂರು ದಿನ ಸಿಖ್ಖರ ಮನೆಗಳಿಗೆ ಬೆಂಕಿ ಬೀಳುತ್ತಿತ್ತು. ನಾವು ಕೂತು ನೋಡಿದ ಪರದೆಯಲ್ಲಿ ಹೂವು, ಜನಸಾಗರ, ಚಿತೆ ಕಂಡವು. ಆ ಬೆಂಕಿ ಕಾಣಲಿಲ್ಲ. ಅಪ್ಪನಿಗೆ ಅದು ತಿಳಿದದ್ದು ಬೇರೆ ಯಾರ ಬಾಯಿಂದಲೋ. ಅವನು ಆ ಎರಡನ್ನೂ ಒಂದೇ ತಾಟಿನ ಮುಂದೆ ಕೂತು ಜೋಡಿಸಿದ. ಒಬ್ಬರ ಸಾವಿಗೆ ಅತ್ತ ಕಣ್ಣಿಗೆ ಇನ್ನೊಬ್ಬರ ಸಾವೂ ಕಾಣಬೇಕೆಂದು ಹನ್ನೆರಡು ವರ್ಷದ ನನಗೆ ಆ ರಾತ್ರಿ ಹೇಗೋ ಗೊತ್ತಾಯಿತು.

ಆಮೇಲೆ ನಮ್ಮ ಮನೆಗೂ ಟಿವಿ ಬಂತು. ‘ರಾಮಾಯಣ’ದ ಭಾನುವಾರಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬೇರೆ ಹೇಳಬೇಕಿಲ್ಲ. ನನಗೆ ಹೆಚ್ಚು ಹತ್ತಿರವಾದದ್ದು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’. ಎರೆಹೊಲದ ನಡುವೆ ಹುಟ್ಟಿದ ನನಗೆ ಅಷ್ಟು ಹಸಿರು, ಅಷ್ಟು ಮಳೆ ಇರುವ ಊರು ಕರ್ನಾಟಕದಲ್ಲೇ ಇದೆಯೆಂದು ಗೊತ್ತಾದದ್ದು ಅದರಿಂದ. ಭಾಷೆ ಹಿಂದಿ, ಕಥೆ ಇಂಗ್ಲಿಷಿನದು, ನೆಲ ಮಾತ್ರ ನಮ್ಮದು. ‘ಅದು ನಮ್ಮ ರಾಜ್ಯದಾಗ ಅದ’ ಎಂದು ಅಪ್ಪ ಹೇಳಿದಾಗ ನಕಾಶೆ ತೆಗೆದು ತೀರ್ಥಹಳ್ಳಿಯ ಹತ್ತಿರ ಬೆರಳಿಟ್ಟು ನೋಡಿದ್ದೆ.

ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ‘ಮಾಯಾಮೃಗ’ ಬಂತು. ಟಿ.ಎನ್. ಸೀತಾರಾಮ್ ಅವರ ತಂಡದ ಆ ಧಾರಾವಾಹಿಯ ಹೊತ್ತಿಗೆ ನಮ್ಮ ವಠಾರದ ನಲ್ಲಿಯ ಬಳಿ ಜಗಳವೂ ನಿಲ್ಲುತ್ತಿತ್ತು. ಮುಗಿದ ಮೇಲೆ ಜಗಲಿಯ ಮೇಲೆ ಪಂಚಾಯಿತಿ. ಆ ಹುಡುಗಿ ಮಾಡಿದ್ದು ಸರಿಯೇ, ಅಪ್ಪ-ಅಮ್ಮ ಎಲ್ಲಿ ತಪ್ಪಿದರು, ಹೆಣ್ಣುಮಕ್ಕಳು ಕೆಲಸ ಬಿಡಬೇಕೇ. ಮೈಸೂರು ಸೀಮೆಯ ಮಾತಿಗೆ ಆಗಿನ್ನೂ ಹೊಸಬಳಾಗಿದ್ದ ನಾನು ಆ ಜಗಲಿಯ ಮೇಲೆ ಮೊದಲ ಬಾರಿ ಬಾಯಿ ಬಿಟ್ಟು ವಾದ ಮಾಡಿದ್ದು. 2002ರಿಂದ ಚಂದನದಲ್ಲಿ ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ನಮ್ಮ ಮನೆಯಲ್ಲಿ ಇನ್ನೊಂದು ಬಗೆಯ ಗದ್ದಲ ಎಬ್ಬಿಸಿತು. ಸರಿ ಉತ್ತರಕ್ಕೆ ಕನ್ನಡ ಪುಸ್ತಕದ ಬಹುಮಾನ! ಸ್ಪರ್ಧಿಗಿಂತ ಮುಂಚೆ ಉತ್ತರ ಹೇಳಲು ನನ್ನ ಮಾವನವರು ಕುರ್ಚಿಯ ತುದಿಗೆ ಬರುತ್ತಿದ್ದರು. ಒಂದು ಸುತ್ತು ಮುಗಿಯುವಷ್ಟರಲ್ಲಿ ಮಗ ಶಬ್ದಕೋಶ ತೆರೆದಿರುತ್ತಿದ್ದ.

ಮುಗಿಯದ ಸುದ್ದಿ

2000ದ ಜುಲೈ 30, ಭಾನುವಾರ ರಾತ್ರಿ, ಗಾಜನೂರಿನ ತೋಟದ ಮನೆಯಿಂದ ನಟ ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದ. ಬಿಡುಗಡೆಯಾದದ್ದು ನವೆಂಬರ್ 15ಕ್ಕೆ. ಆ 108 ದಿನಗಳಲ್ಲಿ ನಮ್ಮ ಮನೆಯ ಟಿವಿ ನೋಡುವ ರೀತಿಯೇ ಬದಲಾಯಿತು. ಕಾಡಿನಿಂದ ಬರುವ ಕ್ಯಾಸೆಟ್‌ಗಾಗಿ ಕಾಯುವುದು, ಯಾವ ಹೊತ್ತಿನಲ್ಲಾದರೂ ಏನಾದರೂ ಬಂದೀತೆಂದು ಆರಿಸದೆ ಇಡುವುದು. ಅದಕ್ಕೂ ಮುಂಚೆ ವಾರ್ತೆಗೆ ಒಂದು ಕೊನೆ ಇತ್ತು. ವಾಚಕರು ಕೈಮುಗಿದು ನಮಸ್ಕಾರ ಹೇಳುತ್ತಿದ್ದರು. ಕನ್ನಡಕ್ಕೆ ದಿನದ ಇಪ್ಪತ್ತನಾಲ್ಕು ತಾಸಿನ ಸುದ್ದಿ ವಾಹಿನಿಗಳು ಬಂದ ಮೇಲೆ ಆ ನಮಸ್ಕಾರ ಕಾಣೆಯಾಯಿತು. ಯಾವಾಗ ಆರಿಸಬೇಕೆಂದು ಹೇಳುವವರಿಲ್ಲ. ಆರಿಸದ ಮೇಲೆ ಮಾತಿಗೆ ಹೊತ್ತೆಲ್ಲಿ?

2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆ ಇನ್ನೂರಕ್ಕೂ ಹೆಚ್ಚು ಜೀವ ತೆಗೆಯಿತು. ಮಣ್ಣಿನ ಗೋಡೆಗಳು ನೆನೆದು ನೆನೆದು ಕುಸಿದವು. ಭೀಮಾ ದಂಡೆಯಲ್ಲಿದ್ದ ನನ್ನ ಚಿಕ್ಕವ್ವನ ಮನೆಯೂ ಬಿತ್ತು. ಮನೆಮಂದಿ ಗುಡಿಯಲ್ಲಿ ಮಲಗಿದ್ದರಿಂದ ಉಳಿದರು. ಎರಡು ಎತ್ತು ಹೋದವು. ಮೂರನೆಯ ದಿನ ಒಂದು ವಾಹಿನಿಯ ಗಾಡಿ ಬಂತು. ಚಿಕ್ಕವ್ವ ಬಿದ್ದ ಗೋಡೆಯ ಮುಂದೆ ನಿಂತು ಅತ್ತಳು. ಕ್ಯಾಮೆರಾದವರು, ಬೆಳಕು ಸರಿ ಬರಲಿಲ್ಲ, ಇನ್ನೊಮ್ಮೆ ಒಳಗಿಂದ ನಡೆದು ಬಂದು ಹಾಗೇ ಅಳಿರಿ ಎಂದರಂತೆ. ಅವಳು ಮತ್ತೆ ನಡೆದು ಬಂದಳು. ಅವಳಿಗೆ ಅವರು ಸರ್ಕಾರದ ಜನ ಎನ್ನಿಸಿತ್ತು, ಹೇಳಿದಂತೆ ಮಾಡಿದರೆ ಮನೆ ಸಿಗುತ್ತದೆಂದುಕೊಂಡಿದ್ದಳು. ಆ ಅಳು ಮರುದಿನವಿಡೀ ಬಂತು. ಪುಣೆಯಿಂದ, ಸೊಲ್ಲಾಪುರದಿಂದ ನೆಂಟರು ಫೋನ್ ಮಾಡಿದರು. ಊರಿನಲ್ಲಿ ಕರೆಂಟ್ ಇರಲಿಲ್ಲ, ಅವಳೊಬ್ಬಳೇ ಅದನ್ನು ನೋಡಲಿಲ್ಲ.

ಹಲವು ವರ್ಷಗಳ ನಂತರ ಒಂದು ಮದುವೆಯಲ್ಲಿ ಸಿಕ್ಕಾಗ ಚಿಕ್ಕವ್ವ ನನ್ನ ಕೈ ಹಿಡಿದು ಹೇಳಿದಳು, ‘ಎತ್ತು ಹೋದದ್ದಕ್ಕ ಮೊದಲನೇ ಸಲ ಅತ್ತಿದ್ದೆ ಅವ್ವ. ಎರಡನೇ ಸಲ ಅತ್ತದ್ದು ಯಾಕಂತ ನನಗೇ ಗೊತ್ತಿಲ್ಲ.’ ಪರಿಹಾರದ ಪಟ್ಟಿಗೆ ಹೆಸರು ಬರೆಸುವುದು ಎಲ್ಲಿ, ಯಾವ ಕಾಗದ ಬೇಕು, ಕೊನೆಯ ದಿನ ಯಾವುದು ಎಂದು ಆ ಗಾಡಿಯವರು ಯಾರಾದರೂ ಒಂದು ನಿಮಿಷ ಹೇಳಿದ್ದರೆ ಅವಳಿಗೆ ಆರು ತಿಂಗಳ ಅಲೆದಾಟ ತಪ್ಪುತ್ತಿತ್ತು. ಸೈಟ್‌ನ ಕಾಲದಲ್ಲಿ ಎತ್ತಿಗೆ ಬರುವ ರೋಗದ ಬಗ್ಗೆ ಹೇಳುತ್ತಿದ್ದ ಪೆಟ್ಟಿಗೆ ಅದೇ ಸೀಮೆಗೆ ಮೂವತ್ತನಾಲ್ಕು ವರ್ಷಗಳ ಮೇಲೆ ಮರಳಿ ಬಂದು, ಎತ್ತು ಕಳೆದುಕೊಂಡವಳಿಂದ ಅಳು ಒಯ್ದಿತು. ಇದನ್ನು ನಾನು ಕ್ಷಮಿಸಲಾರೆ.

2016ರ ಸೆಪ್ಟೆಂಬರ್ 12ರ ಕಾವೇರಿ ಗಲಭೆಯ ದಿನವನ್ನು ಬೆಂಗಳೂರಿನವರು ಮರೆತಿರಲಾರರು. ಡಿಪೊ ಒಂದರಲ್ಲಿ ಬಸ್ಸುಗಳು ಉರಿಯುವ ದೃಶ್ಯ ಸಂಜೆಯಿಂದ ರಾತ್ರಿಯವರೆಗೂ ಎಡೆಬಿಡದೆ ಬಂತು. ಕಲಬುರಗಿಯಿಂದ ಅಪ್ಪ ಗಾಬರಿಯಾಗಿ ಫೋನ್ ಮಾಡಿದ. ನಮ್ಮ ಬೀದಿಯಲ್ಲಿ ಆಗ ಹೂವಿನವಳು ಮಲ್ಲಿಗೆ ಅಳೆಯುತ್ತಿದ್ದಳು. ಪಕ್ಕದ ಮನೆಯ ತಮಿಳು ಅಜ್ಜಿ ಮಾತ್ರ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದರು. ನಲವತ್ತು ವರ್ಷದಿಂದ ನಮ್ಮೊಂದಿಗೆ ಕನ್ನಡ ಮಾತಾಡಿದವರು. ಅತ್ತೆ ಟಿವಿ ಆರಿಸಿ, ಒಂದು ಡಬ್ಬಿಯಲ್ಲಿ ಹುಳಿ ಹಾಕಿಕೊಂಡು ಹೋಗಿ ಅವರ ಜೊತೆ ರಾತ್ರಿ ಒಂಬತ್ತರವರೆಗೆ ಕೂತು ಬಂದರು.

ಗ್ರಹಣದ ದಿನ

2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ. ಅಂದು ನಾನು ಬೆಳಿಗ್ಗೆ ಯಾವ ವಾಹಿನಿ ಹಾಕಿದರೂ ಯಾವ ರಾಶಿಗೆ ದೋಷ, ಯಾರು ಏನು ದಾನ ಕೊಡಬೇಕು, ಗರ್ಭಿಣಿಯರು ಎಲ್ಲಿ ಮಲಗಬೇಕು ಎನ್ನುವುದೇ ಕೇಳಿಸುತ್ತಿತ್ತು. ಅದೇ ದಿನ ಕಲಬುರಗಿಯ ಹತ್ತಿರದ ತಾಜ್‌ಸುಲ್ತಾನಪುರದಿಂದ ಒಂದು ಸುದ್ದಿ ಬಂತು. ಅಂಗವೈಕಲ್ಯವಿದ್ದ ಮಕ್ಕಳನ್ನು, ಗ್ರಹಣದ ಹೊತ್ತಿನಲ್ಲಿ ವಾಸಿಯಾಗುತ್ತದೆಂಬ ನಂಬಿಕೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಪುಟ್ಟ ಮುಖಗಳ ಚಿತ್ರ ದೇಶವನ್ನೆಲ್ಲ ಸುತ್ತಿತು.

ನಾನು ಅಪ್ಪನಿಗೆ ಫೋನ್ ಮಾಡಿದೆ. ಅವನಿಗೆ ಆಗ ಎಂಬತ್ತು ದಾಟಿತ್ತು. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ್ದು: ‘ನಲವತ್ನಾಕು ವರ್ಷದ ಹಿಂದ ಆಕಾಶದಾಗಿನ ಉಪಗ್ರಹ ನಮ್ಮ ಸಾಲಿ ಅಂಗಳಕ್ಕ ಬಂದಿತ್ತವ್ವ. ಸಂಜೀಕ ಗ್ರಹ ಅಂದ್ರ ಏನು, ಉಪಗ್ರಹ ಅಂದ್ರ ಏನಂತ ಮಾಸ್ತರು ಬುಟ್ಟಿ, ಕಂದೀಲು, ನಿಂಬಿಹಣ್ಣು ಇಟ್ಟು ತೋರಿಸಿದ್ರು. ಆ ತಾಯಿಗೊಳಿಗೆ ಯಾರೂ ಹಂಗ ತೋರಿಸ್ಲಿಲ್ಲಲ್ಲ.’ ಆ ತಾಯಂದಿರ ಬಗ್ಗೆ ಅವನು ಒಂದು ಕೆಟ್ಟ ಮಾತು ಆಡಲಿಲ್ಲ. ಆಸ್ಪತ್ರೆಗೆ ತಿರುಗಿ ಸೋತವರು ಏನನ್ನಾದರೂ ನಂಬುತ್ತಾರೆ. ಅವರಿಗೆ ಯಾರು ಏನು ಹೇಳಿದರು ಎಂದು ನಾವು ಕೇಳಿಕೊಳ್ಳಬೇಕು. ದೇಶದಲ್ಲೇ ಮೊದಲು ಉಪಗ್ರಹದ ಟಿವಿ ಕಂಡ ಜಿಲ್ಲೆಗಳಲ್ಲಿ ಒಂದು ಕಲಬುರಗಿ ಎನ್ನುವುದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಜಾಹೀರಾತಿನ ನಡುವೆ

ಧಾರಾವಾಹಿಗಳ ಬಗ್ಗೆ ಹಗುರವಾಗಿ ಮಾತಾಡುವವರು ನಮ್ಮಲ್ಲಿ ಬಹಳ. ನಾನು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಕಾರಣ ಅತ್ತೆ.

2021ರ ಡಿಸೆಂಬರ್‌ನಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾಯಿತು. ಗಂಡು ಮಗುವಾಗಲಿಲ್ಲವೆಂದು ಗಂಡ ಕೈಬಿಟ್ಟ ಹೆಂಗಸು ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಕಥೆ, ಪುಟ್ಟಕ್ಕನಾಗಿ ಉಮಾಶ್ರೀ. ಒಂದು ಸಂಜೆ ಜಾಹೀರಾತು ಬಂದಾಗ ಅತ್ತೆ ಟಿವಿಯ ದನಿ ತಗ್ಗಿಸಿ, ನನ್ನ ಕಡೆ ನೋಡದೆ, ‘ನಮ್ಮ ಅಕ್ಕನದೂ ಇದೇ ಗತಿಯಾಗಿತ್ತು ಕಣಮ್ಮ’ ಎಂದರು. ಇಪ್ಪತ್ತೈದು ವರ್ಷ ಒಂದೇ ಅಡುಗೆಮನೆಯಲ್ಲಿ ಕಳೆದಿದ್ದರೂ ಅವರಿಗೊಬ್ಬರು ಅಕ್ಕ ಇದ್ದರೆಂದೇ ನನಗೆ ಗೊತ್ತಿರಲಿಲ್ಲ. ಮೂರು ಹೆಣ್ಣಾದ ಮೇಲೆ ತವರಿಗೆ ಕಳಿಸಿದರಂತೆ. ತವರಿನಲ್ಲಿ ಅಣ್ಣಂದಿರು ಕೊಟ್ಟಿಗೆಯ ಪಕ್ಕದ ಕೋಣೆ ಕೊಟ್ಟರಂತೆ. ಹಪ್ಪಳ, ಸಂಡಿಗೆ ಮಾಡಿ ಮಾರಿ ಮಕ್ಕಳನ್ನು ಓದಿಸಿದರಂತೆ. ಜಾಹೀರಾತು ಮುಗಿದು ಕಥೆ ಮುಂದುವರಿದರೂ ಅತ್ತೆ ದನಿ ಏರಿಸಲಿಲ್ಲ. ಅಂದಿನಿಂದ ಪ್ರತಿದಿನ ಜಾಹೀರಾತಿನ ಹೊತ್ತಿಗೆ ನಾನು ಒಲೆ ಸಣ್ಣ ಮಾಡಿ ಹಾಲ್‌ಗೆ ಬರುತ್ತೇನೆ. ದೊಡ್ಡತ್ತೆಯ ಕಥೆ ಕಂತುಕಂತಾಗಿ ತಿಳಿಯಿತು.

ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ‘ಗುಲಾಬಿ ಟಾಕೀಸ್’ ನೆನಪಾಗುತ್ತದೆ. ವೈದೇಹಿಯವರ ಕಥೆಯಲ್ಲಿ ಊರಿಗೆ ಬಂದದ್ದು ಸಿನಿಮಾ. ಗಿರೀಶ್ ಕಾಸರವಳ್ಳಿ ಅದನ್ನು ಚಿತ್ರ ಮಾಡುವಾಗ ಕರಾವಳಿಯ ಮೀನುಗಾರರ ಕುದ್ರುವಿನಲ್ಲಿ ಒಬ್ಬ ಸೂಲಗಿತ್ತಿಯ ಮನೆಗೆ ಟಿವಿ ಬರುವಂತೆ ಬದಲಿಸಿದರು. ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿಯದ ಹೆಂಗಸರು ಆ ಪರದೆಯ ಮುಂದೆ ಒಟ್ಟಿಗೆ ಕೂರುತ್ತಾರೆ, ತಮ್ಮ ಮನೆಯ ಗುಟ್ಟು ಬಿಚ್ಚುತ್ತಾರೆ. ಆ ಚಿತ್ರ ನೋಡಿದಾಗ ನನಗೆ ನಮ್ಮೂರ ಬಾವಿ ಕಟ್ಟೆ ಕಂಡಿತ್ತು.

ನಾಲ್ಕು ಜನರ ಕಣ್ಣು

ಟಿವಿ ಮಾಡಿದ ಒಂದು ದೊಡ್ಡ ಒಳ್ಳೆಯ ಕೆಲಸವನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. 2021ರ ಅಕ್ಟೋಬರ್ 29, ಶುಕ್ರವಾರ, ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಕಂಠೀರವ ಕ್ರೀಡಾಂಗಣದ ಮುಂದಿನ ಸಾಲು, ಕೊನೆಗೆ ಕಂಠೀರವ ಸ್ಟುಡಿಯೊದ ಅಂತ್ಯಕ್ರಿಯೆ, ಎಲ್ಲವನ್ನೂ ನಾಡು ಮೂರು ದಿನ ಕೂತು ನೋಡಿತು. ನಮ್ಮ ಮನೆಯಲ್ಲಿ ಆ ಮೂರು ದಿನ ಮೂರು ಪರದೆ ಇರಲಿಲ್ಲ. ಮಗ ಕೋಣೆಯಿಂದ ತಾನಾಗಿ ಹೊರಗೆ ಬಂದು ಅಜ್ಜಿಯ ಪಕ್ಕ ಕೂತ.

ಪುನೀತ್ ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂದ ಬಗೆಯನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಟಿವಿಯಲ್ಲಿ ವಿವರಿಸಿದರು. ಎರಡು ಕಣ್ಣು, ನಾಲ್ಕು ಜನ ಹೇಗೆ? ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬೇರ್ಪಡಿಸಿ ಒಂದೊಂದನ್ನು ಒಬ್ಬೊಬ್ಬರಿಗೆ ಕಸಿ ಮಾಡಿದ್ದರು. ಮುಗಿದ ಮೇಲೆ ಟಿವಿ ಆರಿಸಿದ್ದು ಮಗ. ಆ ರಾತ್ರಿ ಅವನು ಈರುಳ್ಳಿಯ ಸಿಪ್ಪೆ ಬಿಡಿಸಿ ಅಜ್ಜಿಗೆ ಪದರವೆಂದರೇನೆಂದು ತೋರಿಸಿದ. ಅಪ್ಪನಿಗೆ ಫೋನ್ ಹಚ್ಚಿ ಅವನಿಗೂ ಹೇಳಿದೆವು. ‘ನನ್ನ ಹೆಸರೂ ಬರೆಸ್ರಿ’ ಎಂದ ಅಪ್ಪ. ‘ಈ ವಯಸ್ಸಿನ ಕಣ್ಣು ನಡೀತಾವೇನು ಕೇಳ್ರಿ.’ ಕೇಳಿದೆವು. ನೇತ್ರದಾನಕ್ಕೆ ವಯಸ್ಸಿನ ಅಡ್ಡಿಯಿಲ್ಲ, ಕನ್ನಡಕ ಹಾಕಿದ್ದರೂ, ಪೊರೆಯ ಶಸ್ತ್ರಚಿಕಿತ್ಸೆ ಆಗಿದ್ದರೂ ಕೊಡಬಹುದು ಎಂದರು.

ಅಪ್ಪ 2022ರಲ್ಲಿ ಕಲಬುರಗಿಯ ತಮ್ಮನ ಮನೆಯಲ್ಲಿ ಹೋದ. ಬೆಳಗಿನ ಜಾವ. ಪ್ರಾಣ ಹೋದ ಆರು ತಾಸಿನೊಳಗೆ ಕಣ್ಣು ತೆಗೆಯಬೇಕು, ಅಲ್ಲಿಯವರೆಗೆ ಫ್ಯಾನ್ ಆರಿಸಬೇಕು, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ತಲೆಯ ಕೆಳಗೆ ದಿಂಬು ಕೊಡಬೇಕು. ಅಳುವ ಹೊತ್ತಿನಲ್ಲಿ ಇದೆಲ್ಲ ನೆನಪಾಗುವುದು ಕಷ್ಟ. ನಮಗೆ ನೆನಪಾಯಿತು, ಏಕೆಂದರೆ ಒಂದು ರಾತ್ರಿ ಟಿವಿ ಆರಿಸಿ ಕೂತು ಅದನ್ನು ಮಾತಾಡಿದ್ದೆವು. ತಮ್ಮ ಮೊದಲು ಫ್ಯಾನ್ ಆರಿಸಿದ, ಆಮೇಲೆ ನನಗೆ ಫೋನ್ ಮಾಡಿದ.

ಶಿರೂರಿನ ಮಳೆ

2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ಚಹಾದಂಗಡಿ, ನಿಂತಿದ್ದ ವಾಹನಗಳು, ಜನ, ಎಲ್ಲ ಗಂಗಾವಳಿ ನದಿಗೆ ಹೋದವು. ಕಾಣೆಯಾದವರಲ್ಲಿ ಕೇರಳದ ಒಬ್ಬ ಲಾರಿ ಚಾಲಕನೂ ಇದ್ದ, ನಮ್ಮವರೂ ಇದ್ದರು. ಮಲಯಾಳಂ ವಾಹಿನಿಯವರು ವಾರಗಟ್ಟಲೆ ಆ ನದಿಯ ದಂಡೆ ಬಿಡಲಿಲ್ಲ. ಲಾರಿ ಮತ್ತು ಆ ಚಾಲಕನ ಅವಶೇಷ ನೀರಿನಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಒಬ್ಬ ಲಾರಿ ಚಾಲಕನಿಗಾಗಿ ಒಂದು ರಾಜ್ಯ ಎರಡು ತಿಂಗಳಿಗೂ ಹೆಚ್ಚು ಕಾದು ಕೂತಿತು.

ನಮ್ಮ ವರದಿಗಾರರೂ ಆ ಮಳೆಯಲ್ಲಿ ನಿಂತು ಕೆಲಸ ಮಾಡಿದ್ದಾರೆ, ಅದನ್ನು ಮರೆಯಬಾರದು. ಆದರೆ ಆ ತಿಂಗಳು ನಾನು ನೋಡಿದ ಹಲವು ಸಂಜೆಗಳಲ್ಲಿ ಹೆಚ್ಚು ಹೊತ್ತು ಸಿಕ್ಕಿದ್ದು ಜೈಲಿನಲ್ಲಿದ್ದ ಒಬ್ಬ ನಟರ ಊಟದ ಸುದ್ದಿಗೆ. ಗುಡ್ಡವನ್ನು ಎಷ್ಟು ಕಡಿದಾಗಿ ಕತ್ತರಿಸಿದ್ದರು, ಅದೇ ಹೆದ್ದಾರಿಯಲ್ಲಿ ಇನ್ನೆಷ್ಟು ಕಡೆ ಹಾಗೇ ಇದೆ, ಮುಂದಿನ ಮಳೆಗೆ ಯಾರ ಮನೆಯ ಸರದಿ ಎನ್ನುವ ಮಾತು ನಮ್ಮ ಊಟದ ಮನೆಗಳಿಗೆ ಬರಲೇ ಇಲ್ಲ. ಅಪ್ಪ ಇದ್ದಿದ್ದರೆ ಆ ಚಹಾದಂಗಡಿಯವರ ಮನೆಯಲ್ಲಿ ಉಳಿದವರು ಯಾರೆಂದು ಖಂಡಿತ ಕೇಳುತ್ತಿದ್ದ.

ಈ ವರ್ಷ ನಮ್ಮ ಮನೆಯಲ್ಲಿ ಒಂದು ಕ್ರಮ ಮಾಡಿದ್ದೇವೆ. ರಾತ್ರಿ ಒಂಬತ್ತಕ್ಕೆ ಅರ್ಧ ತಾಸು ಎಲ್ಲ ಪರದೆಯೂ ಬಂದ್. ಅತ್ತೆ ತಮ್ಮ ಒಂದು ಧಾರಾವಾಹಿ ಬಿಟ್ಟುಕೊಟ್ಟಿದ್ದಾರೆ. ಯಜಮಾನರು ಆ ಹೊತ್ತಿನ ಚರ್ಚೆ ಬಿಟ್ಟಿದ್ದಾರೆ. ಮಗ ಮೊಬೈಲ್ ಫ್ರಿಜ್ಜಿನ ಮೇಲಿಡುತ್ತಾನೆ. ಮೊದಲ ವಾರ ಯಾರಿಗೂ ಮಾತು ಬರಲಿಲ್ಲ, ಚಮಚದ ಸದ್ದು ಮಾತ್ರ ಕೇಳುತ್ತಿತ್ತು. ಎರಡನೇ ವಾರ ಮಗ ಕೇಳಿದ, ‘ಅಜ್ಜಿ, ನೀವು ಮೊದಲು ಟಿವಿ ನೋಡಿದ್ದು ಎಲ್ಲಿ?’

ಓದುಗರಲ್ಲಿ ನನ್ನದೊಂದು ಬೇಡಿಕೆ ಇದೆ. ಕಲಬುರಗಿ, ರಾಯಚೂರು, ವಿಜಯಪುರದ ಕಡೆಯವರು ನೀವಾದರೆ, ನಿಮ್ಮೂರ ಸಾಲಿ ಅಂಗಳದಲ್ಲಿ 1975ರಲ್ಲಿ ಆ ಪೆಟ್ಟಿಗೆಯ ಮುಂದೆ ಕೂತವರು ಇನ್ನೂ ಇದ್ದಾರೆ. ಅಂದು ಹತ್ತು ವರ್ಷದವರಿಗೆ ಈಗ ಅರವತ್ತು ದಾಟಿದೆ, ಮೂವತ್ತರವರಿಗೆ ಎಂಬತ್ತು. ಏನು ನೋಡಿದಿರಿ, ಆಮೇಲೆ ಏನು ಮಾತಾಡಿದಿರಿ ಎಂದು ಅವರನ್ನು ಕೇಳಿ. ಹೇಳಿದ್ದನ್ನು ಒಂದು ವಹಿಯಲ್ಲಿ ತಾರೀಖು ಹಾಕಿ ಬರೆದಿಡಿ. ನಾನು ಅಪ್ಪನನ್ನು ಪೂರ್ತಿ ಕೇಳಿ ಬರೆದುಕೊಳ್ಳಲಿಲ್ಲ.